ಓರೆಯಾದ ಮಾತ್ರಕ್ಕೆ ಇಟಾಲಿಕ್ ಅಲ್ಲ

ರಾಜ್ಯೋತ್ಸವಕ್ಕೆ ದೇವನಹಳ್ಳಿ ಚಕ್ಕೋತದ ಬಗ್ಗೆ ನಾವೊಂದು ಪೋಸ್ಟರ್ ಮಾಡಿದ್ವಿ. ಹಣ್ಣಿನ ವೈಜ್ಞಾನಿಕ ಹೆಸರು 'ಸಿಟ್ರಸ್ ಮ್ಯಾಕ್ಸಿಮಾ'. ಅದನ್ನು ನಿಯಮದಂತೆ ಇಂಗ್ಲಿಷ್ ಅಕ್ಷರಗಳಲ್ಲಿ, ಟೈಮ್ಸ್ ನ್ಯೂ ರೋಮನ್ ಇಟಾಲಿಕ್‌ನಲ್ಲಿ ಹಾಕಿದೆವು. ಚೆನ್ನಾಗಿ ಕಾಣ್ತು. ಅದೇ ಹುರುಪಿನಲ್ಲಿ ಕನ್ನಡ ಶೀರ್ಷಿಕೆಯನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್-ಐ ಒತ್ತಿದೆವು. ಪ್ರಿಂಟ್ ಬಂದಾಗ ನೋಡಿದರೆ 'ದೇವನಹಳ್ಳಿ'ಯ ಳ ಒತ್ತು, 'ಚಕ್ಕೋತ'ದ ಕ ಒತ್ತು ಎರಡೂ ಎಡಕ್ಕೆ ಜಾರಿದ್ದವು. ಒಂದೇ ಬಟನ್, ಎರಡು ಫಲಿತಾಂಶ. ಯಾಕೆ?

ಇಟಾಲಿಕ್ ಅಂದ್ರೆ ಬಾಗಿಸಿದ ಅಕ್ಷರ ಅಷ್ಟೇ ಅಲ್ಲ. ಅದು ವೇಗವಾಗಿ ಬರೆಯುವ ಕೈಬರಹದಿಂದ ಹುಟ್ಟಿದ್ದು. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೊರೆದ ಈ ಅಚ್ಚಿನಲ್ಲಿ ವರ್ಜಿಲ್ ಕವಿಯ ಇಡೀ ಪುಸ್ತಕವನ್ನೇ ಮುದ್ರಿಸಿದ. ಒತ್ತಿ ಹೇಳಲು ಇಟಾಲಿಕ್ ಬಳಸುವ ರೂಢಿ ಆಮೇಲೆ ಬಂದದ್ದು. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳ ಟೈಮ್ಸ್ ನ್ಯೂ ರೋಮನ್, ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗಾಗಿ ತಯಾರಾಗಿ 1932ರಲ್ಲಿ ಬಳಕೆಗೆ ಬಂತು. ಅದರ ಇಟಾಲಿಕ್‌ನಲ್ಲಿ ಸಣ್ಣ 'ಎ' ನೋಡಿ: ಆಕಾರವೇ ಬೇರೆ. 'ಎಫ್'ನ ಬಾಲ ಗೆರೆಯ ಕೆಳಗೆ ಇಳಿಯುತ್ತೆ. ಅಕ್ಷರದ ತುದಿಯಲ್ಲಿರುವ ಸೆರಿಫ್‌ಗಳು ಪೆನ್ನು ಎಳೆದಂತೆ ತಿರುಗುತ್ತವೆ. ಅಂದ್ರೆ ಪ್ರತಿ ಅಕ್ಷರವನ್ನೂ ಬೇರೆಯಾಗಿ ಬರೆದಿದ್ದಾರೆ.

ಫಾಂಟ್‌ನಲ್ಲಿ ಇಟಾಲಿಕ್ ಇಲ್ಲದಿದ್ರೆ ಸಾಫ್ಟ್‌ವೇರ್ ಸುಮ್ಮನಿರಲ್ಲ, ನೇರ ಅಕ್ಷರವನ್ನೇ ಪಕ್ಕಕ್ಕೆ ತಳ್ಳುತ್ತೆ. ಮ್ಯಾಥ್ಸ್‌ನಲ್ಲಿ ಓದಿದ ಶಿಯರ್ ಇದೇ. ಬೇಸ್‌ಲೈನ್‌ನಿಂದ ಮೇಲಿರುವ ಬಿಂದು, ಎತ್ತರವನ್ನು ಟ್ಯಾನ್ ಥೀಟಾದಿಂದ ಗುಣಿಸಿದಷ್ಟು ಬಲಕ್ಕೆ ಹೋಗುತ್ತೆ. ಕೆಳಗಿರುವುದು ಅದೇ ಲೆಕ್ಕದಲ್ಲಿ ಎಡಕ್ಕೆ. 12 ಡಿಗ್ರಿ ಓರೆಗೆ ಟ್ಯಾನ್ ಸುಮಾರು 0.21. ಪೋಸ್ಟರ್‌ನಲ್ಲಿ 5 ಸೆಂ.ಮೀ. ಕೆಳಗಿರುವ ಒತ್ತು 1 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚೇ ಎಡಕ್ಕೆ ಸರಿಯುತ್ತೆ. ಇಂಗ್ಲಿಷ್‌ನಲ್ಲಿ ಬೇಸ್‌ಲೈನ್ ಕೆಳಗೆ ಇಳಿಯುವುದು ಕೆಲವೇ ಅಕ್ಷರಗಳ ಬಾಲ. ಕನ್ನಡದಲ್ಲಿ ಅಲ್ಲಿ ಇಡೀ ವ್ಯಂಜನವೇ ಕೂತಿರುತ್ತೆ! ಜೊತೆಗೆ ನಮ್ಮ ದುಂಡು ಅಕ್ಷರಗಳು ಸೊಟ್ಟ ಅಂಡಾಕಾರವಾಗುತ್ತವೆ.

ಹಾಗಂತ ಇಟಾಲಿಕ್ ಬರೀ ಅಲಂಕಾರ ಅಲ್ಲ. ಸಮೀಕರಣದಲ್ಲಿ ಓರೆ 'ಎಂ' ಅಂದ್ರೆ ದ್ರವ್ಯರಾಶಿ, ನೇರ 'ಎಂ' ಅಂದ್ರೆ ಮೀಟರ್. ದೊಡ್ಡ 'ವಿ' ಓರೆಯಾದರೆ ವೋಲ್ಟೇಜ್, ನೇರವಾದರೆ ವೋಲ್ಟ್. ಪರಿಮಾಣ ಓರೆ, ಏಕಮಾನ ನೇರ: ರಿಪೋರ್ಟ್ ಬರೆಯುವಾಗ ಇಷ್ಟು ನೆನಪಿಟ್ಟುಕೊಳ್ಳಿ.

ಕನ್ನಡದಲ್ಲಿ ಏನು ಮಾಡೋದು? ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ, ಒತ್ತಿ ಹೇಳಲು ದಪ್ಪ ಅಕ್ಷರ. ನಮ್ಮ ಮುದ್ರಣದಲ್ಲಿ ಈ ರೂಢಿ ಇದೆ. ನೋಟೋ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ಬಗೆಗಳಿವೆ, ಇಟಾಲಿಕ್ ಇಲ್ಲ. ಓರೆ ಬೇಕೇ ಬೇಕು ಅಂದ್ರೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ 'ಟೈರೋ ಕನ್ನಡ' ನೋಡಿ. ಅದರಲ್ಲಿ ಇಟಾಲಿಕ್ ಪ್ರತ್ಯೇಕವಾಗಿಯೇ ಇದೆ.

ನಾವಂತೂ ಶೀರ್ಷಿಕೆಯನ್ನು ನೇರ ಮಾಡಿ, ದಪ್ಪ ಮಾಡಿ ಮತ್ತೆ ಪ್ರಿಂಟ್ ಹಾಕಿಸಿದೆವು. ಈ ಸಲ ಚಕ್ಕೋತದ ಒತ್ತು ತನ್ನ ಜಾಗದಲ್ಲೇ ಇತ್ತು.