ಶಿಬಿರ ಮುಗಿದ ಮೇಲೆ ಶಾಲೆಯಲ್ಲಿ ಉಳಿಯುವುದೇನು?

ಕಾಸರಗೋಡಿನ ಕನ್ನಡ ಶಾಲೆಗಳ ಹೆತ್ತವರಿಗೆ ಈ ದೃಶ್ಯ ಹೊಸತಲ್ಲ. ಕಾಲೇಜಿನ ವಿದ್ಯಾರ್ಥಿಗಳು ಬಂದು ಏಳು ದಿನ ಶಾಲೆಯಲ್ಲಿ ತಂಗುತ್ತಾರೆ. ಅಂಗಳದ ಕಳೆ ಕಿತ್ತು, ಗೋಡೆಗೆ ಬಣ್ಣ ಬಳಿದು, ಸಮಾರೋಪದಂದು ಹಾಡಿ ಹೊರಡುತ್ತಾರೆ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಮುಂದಿನ ಮಳೆಗಾಲಕ್ಕೆ ಕಳೆ ಮತ್ತೆ ಬೆಳೆಯುತ್ತದೆ; ಪಾಠಪುಸ್ತಕ ಓದಲು ತಡವರಿಸುವ ಮಗುವಿನ ತೊಡಕು ಇದ್ದಲ್ಲಿಯೇ ಉಳಿಯುತ್ತದೆ. ಹೀಗೇಕಾಗುತ್ತದೆ? ನಮ್ಮ ರಕ್ಷಕ-ಶಿಕ್ಷಕ ಸಂಘಗಳು ಏನು ಮಾಡಬಹುದು?

ವಿಶ್ವವಿದ್ಯಾನಿಲಯಕ್ಕೆ ಮೂರು ಕರ್ತವ್ಯಗಳು: ಬೋಧನೆ, ಸಂಶೋಧನೆ, ವಿಸ್ತರಣೆ. ವಿಸ್ತರಣೆಯೆಂದರೆ ಜ್ಞಾನವನ್ನು ಆವರಣದ ಹೊರಗಿನ ಜನರಿಗೆ ತಲಪಿಸುವುದು. ಕನ್ನಡಕ್ಕೆ ಇದು ಅಪರಿಚಿತವಲ್ಲ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರುಗಳಲ್ಲಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡಿದರು; ಅವು ಕಿರುಪುಸ್ತಕಗಳಾಗಿ ಜನರ ಕೈಸೇರಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ಹಾದಿಯಲ್ಲಿ ಉಪನ್ಯಾಸ ಗ್ರಂಥಮಾಲೆಯನ್ನು ಹೊರತಂದಿತು. ಕನ್ನಡವನ್ನು ಶಾಸ್ತ್ರವಿಷಯಗಳ ಭಾಷೆಯಾಗಿಸುವುದು ಆ ಸಂಸ್ಥೆಗಳ ಗುರಿಯೇ ಆಗಿದ್ದುದರಿಂದ ಸೇವೆಯೂ ಗುರಿಯೂ ಒಂದೇ ದಾರಿಯಲ್ಲಿ ನಡೆದವು. ಆ ಪುಸ್ತಕಗಳು ಉಳಿದುದು ಅದರಿಂದಲೇ.

ಇಂದು ವಿಸ್ತರಣೆಗೆ ಹಲವು ಯೋಜನೆಗಳಿವೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಏಳು ದಿನಗಳ ಶಿಬಿರ ಇದಕ್ಕೆ ಹೊರತಾದುದು. 2014ರ ಉನ್ನತ ಭಾರತ ಅಭಿಯಾನದಲ್ಲಿ ಪಾಲ್ಗೊಳ್ಳುವ ಸಂಸ್ಥೆಯು ಹಳ್ಳಿಗಳನ್ನು ದತ್ತು ಪಡೆದು, ಮನೆಮನೆ ಸಮೀಕ್ಷೆ ನಡೆಸಿ, ಅಭಿವೃದ್ಧಿ ಯೋಜನೆ ರೂಪಿಸಬೇಕು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದರ್ಜೆ ನೀಡುವ ನ್ಯಾಕ್ ಮಂಡಳಿಯೂ ವಿಸ್ತರಣೆಯನ್ನು ಪರಿಗಣಿಸುತ್ತದೆ.

ತೊಡಕಿರುವುದು ಇಲ್ಲಿಯೇ. ವರದಿಗೆ ಬೇಕಾದುದು ಕಾರ್ಯಕ್ರಮಗಳ ಸಂಖ್ಯೆ ಮತ್ತು ಭಾವಚಿತ್ರವಷ್ಟೇ ಎಂದಾದಾಗ ಸೇವೆಯು ಸಂಸ್ಥೆಯ ಮುಖ್ಯ ಕೆಲಸದಿಂದ ಬೇರ್ಪಡುತ್ತದೆ. ಅದು ಒಬ್ಬ ಅಧಿಕಾರಿಯ ಉತ್ಸಾಹವನ್ನು ನೆಚ್ಚಿಕೊಳ್ಳುತ್ತದೆ. ಅವರು ವರ್ಗವಾದರೆ ನಿಲ್ಲುತ್ತದೆ. ಅದೇ ಸೇವೆ ಒಂದು ವಿಭಾಗದ ಪಠ್ಯಕ್ರಮದಲ್ಲೋ ಸಂಶೋಧನೆಯಲ್ಲೋ ಸೇರಿದರೆ ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಕೆಲಸ ಮುಂದುವರಿಯುತ್ತದೆ.

ನಮ್ಮ ಜಿಲ್ಲೆಯನ್ನೇ ನೋಡೋಣ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಕಾಯ್ದೆಯಿಂದ ರೂಪುಗೊಂಡಿತು. ಜನರ ಸಾಮಾಜಿಕ, ಆರ್ಥಿಕ ಸ್ಥಿತಿಯ ಸುಧಾರಣೆಗೂ ಅವರ ಬೌದ್ಧಿಕ, ಶೈಕ್ಷಣಿಕ, ಸಾಂಸ್ಕೃತಿಕ ಬೆಳವಣಿಗೆಗೂ ವಿಶೇಷ ಗಮನ ಕೊಡುವುದು ಆ ಕಾಯ್ದೆಯೇ ಹೇಳುವ ಧ್ಯೇಯಗಳಲ್ಲೊಂದು. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡದ ಸ್ನಾತಕೋತ್ತರ ಹಾಗೂ ಸಂಶೋಧನಾ ವಿಭಾಗವಿದೆ. ಇಂತಹ ವಿಭಾಗಗಳಿಗೆ ಸಂಶೋಧನೆಗೆ ವಿಷಯ ಬೇಕು, ಬಿ.ಎಡ್. ವಿದ್ಯಾರ್ಥಿಗಳಿಗೆ ಬೋಧನಾಭ್ಯಾಸಕ್ಕೆ ತರಗತಿ ಬೇಕು. ನಮ್ಮಲ್ಲಿ ಎರಡೂ ಇವೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳಂ ಆಡುವ ಮಗು ಶಾಲೆಯಲ್ಲಿ ಗ್ರಂಥಸ್ಥ ಕನ್ನಡದ ಪಾಠಪುಸ್ತಕ ಹಿಡಿಯುತ್ತದೆ. ಯಾವ ಪದದಲ್ಲಿ ಅದು ತಡವರಿಸುತ್ತದೆ ಎಂಬುದನ್ನು ಸಂಗ್ರಹಿಸಿದರೆ ಅದು ಅವರಿಗೆ ಸಂಶೋಧನೆ; ಅದರಿಂದ ಹುಟ್ಟುವ ತರಗತಿವಾರು ಪದಕೋಶ ನಮಗೆ ಸಂಪತ್ತು.

ಆದ್ದರಿಂದ ಶಿಬಿರಕ್ಕೆ ಕೊಠಡಿ ಕೇಳಿ ಪತ್ರ ಬಂದಾಗ ಒಪ್ಪಿಗೆಯ ಜೊತೆ ನಮ್ಮ ಬೇಡಿಕೆಯೂ ಹೋಗಲಿ. ಮೊದಲು ಆ ಸಂಸ್ಥೆ ಪ್ರಕಟಿಸಿರುವ ಧ್ಯೇಯಗಳನ್ನು ಓದಿ, ನಮಗೆ ಸಂಬಂಧಿಸಿದ ವಾಕ್ಯವನ್ನು ಪತ್ರದಲ್ಲಿ ಕಾಣಿಸಿರಿ. ಹತ್ತು ಬೇಡಿಕೆಗಳ ಬದಲು ಒಂದನ್ನೇ ಖಚಿತವಾಗಿ ಬರೆಯಿರಿ: ನಾಲ್ಕನೆಯ ತರಗತಿಯ ಓದು, ಅಥವಾ ಏಳನೆಯ ತರಗತಿಯ ಗಣಿತದ ಪಾರಿಭಾಷಿಕ ಪದಗಳು. ಅದಕ್ಕೆ ಹೊಂದುವ ವಿಭಾಗವನ್ನು ಹೆಸರಿಸಿರಿ. ಕನಿಷ್ಠ ಮೂರು ವರ್ಷಗಳ ಒಪ್ಪಂದ ಕೇಳಿರಿ. ಶಾಲೆ ಏನು ಕೊಡಬಲ್ಲದು ಎಂಬುದನ್ನೂ ತಿಳಿಸಿರಿ. ಆರಂಭದಲ್ಲಿ ಮಕ್ಕಳ ಓದನ್ನು ಪರೀಕ್ಷಿಸಿ, ವರ್ಷಾಂತ್ಯದಲ್ಲಿ ಮತ್ತೆ ಪರೀಕ್ಷಿಸಿ, ಫಲಿತಾಂಶವನ್ನು ಹೆತ್ತವರ ಸಭೆಯಲ್ಲಿ ಓದಿ ಹೇಳುವ ಕ್ರಮವಿರಲಿ.

ಓದಲಾಗದ ಮಗುವನ್ನು ಹೆತ್ತವರು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಅವರನ್ನು ದೂರುವುದು ಸಲ್ಲದು. ಆದರೆ ಮಕ್ಕಳ ಸಂಖ್ಯೆ ಇಳಿದರೆ ಡಿವಿಷನ್ ಹೋಗುತ್ತದೆ, ಡಿವಿಷನ್‌ನೊಂದಿಗೆ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ. ಬಣ್ಣ ಬಳಿದ ಗೋಡೆ ಇದನ್ನು ತಡೆಯಲಾರದು. ವಿಶ್ವವಿದ್ಯಾನಿಲಯದ ವಿದ್ಯೆಯೇ ನಮ್ಮ ತರಗತಿಯೊಳಗೆ ಬರುವಂತೆ ನಾವು ಕೇಳಬೇಕು.