ಹಿರಿಯರ ಅನುಭವ, ಕಿರಿಯರ ದಾಖಲೆ: ಸಂಘಕ್ಕೊಂದು ಕೆಲಸ



ಈಗ ಹೆಚ್ಚಿನ ಮನೆಗಳಲ್ಲಿ ರಾಸು ನೋಡಿಕೊಳ್ಳುವವರು ಒಬ್ಬರು, ಸಂಘದ ಲೆಕ್ಕ ನೋಡುವವರು ಇನ್ನೊಬ್ಬರು. ಮಗ ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಹಾಗೆಯೇ ಕೆಲಸಕ್ಕೆ ಹೋಗುತ್ತಾನೆ. ಫ್ಯಾಟ್ ಎಷ್ಟು ಬಂತು, ಬಟವಾಡೆ ಖಾತೆಗೆ ಬಿತ್ತೇ ಎಂಬುದು ಅವನಿಗೆ ಗೊತ್ತು. ಹಸು ಮೇವು ಬಿಟ್ಟಿತೇ, ರಾತ್ರಿ ಕೂಗಿತೇ ಎಂಬುದು ಕೊಟ್ಟಿಗೆಯ ಪಕ್ಕದಲ್ಲಿ ಮಲಗುವ ಅಜ್ಜ ಅಜ್ಜಿಯರಿಗೆ ಗೊತ್ತು. ಈ ಎರಡು ತಿಳಿವಳಿಕೆ ಒಂದೇ ಸೂರಿನಡಿ ಇದ್ದರೂ ಒಂದಕ್ಕೊಂದು ಸೇರುತ್ತಿಲ್ಲ. ಇದರ ನಷ್ಟ ನೇರವಾಗಿ ಹಾಲಿನ ಲೆಕ್ಕದಲ್ಲೇ ಕಾಣುತ್ತದೆ.

ಬೆದೆಯ ವಿಷಯವನ್ನೇ ನೋಡಿ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಎಮ್ಮೆಗಳಲ್ಲಿ ಬೆದೆಯ ಲಕ್ಷಣ ಸ್ಪಷ್ಟವಾಗಿ ಕಾಣುವುದೇ ಕಡಿಮೆ. ನಸುಕಿನಲ್ಲಿ ಲೋಳೆ ಸೋರಿದ್ದನ್ನು, ಹಸು ಚಡಪಡಿಸಿದ್ದನ್ನು ಅಜ್ಜಿ ನೋಡಿರುತ್ತಾರೆ. ಆದರೆ ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಫೋನ್ ಮಾಡಬೇಕಾದವನು ಸಂಜೆ ಏಳಕ್ಕೆ ಮನೆಗೆ ಬರುತ್ತಾನೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇನಾಕ್ಯುಲೇಷನ್ ಅಲ್ಲ, ಗರ್ಭಧಾರಣೆಯ ಚುಚ್ಚುಮದ್ದೂ ಅಲ್ಲ, ವೀರ್ಯ ಕೊಡಿಸುವುದು ಎಂಬ ಮಾತು ಮನೆಯ ಎಲ್ಲರಿಗೂ ತಿಳಿದಿರಬೇಕು. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು, ಹಿಂಡಿ ದಂಡ; ಮುಂದಿನ ಕರುವೂ ಅಷ್ಟು ತಡ. ಅಜ್ಜಿ ಹೇಳಿದ ದಿನವನ್ನು ಶಾಲೆಗೆ ಹೋಗುವ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, 21 ದಿನ ಎಣಿಸಿ ಇನ್ನೊಂದು ಗುರುತು ಹಾಕಿದರೆ ಖರ್ಚಿಲ್ಲದೆ ಅರ್ಧ ಕೆಲಸ ಆಯಿತು.

ಇದನ್ನು ಒಂದೊಂದು ಮನೆಗೆ ಬಿಡದೆ ಸಂಘವೇ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಸಲಹೆ. ಊರಿನ ಐದಾರು ಹಿರಿಯರು, ಐದಾರು ಮಂದಿ ಹೈಸ್ಕೂಲು ಅಥವಾ ಕಾಲೇಜು ಓದುವ ಮಕ್ಕಳು, ಒಂದು ದಪ್ಪ ನೋಟ್ ಪುಸ್ತಕ ಇಷ್ಟಿದ್ದರೆ ಸಾಕು. ಭಾನುವಾರ ಸಂಜೆಯ ಹಾಲು ಹಾಕಿದ ಮೇಲೆ ಕುಳಿತು, ರಾಸುಗಳ ಬಗ್ಗೆ ಹಿರಿಯರಿಗೆ ತಿಳಿದಿರುವುದನ್ನು ಮಕ್ಕಳು ಬರೆದುಕೊಳ್ಳಲಿ. ಹಿರಿಯರೆಂದರೆ ಗಂಡಸರು ಮಾತ್ರವೆಂದು ತಿಳಿಯಬೇಡಿ. ಕರು ಸಾಕಿದವರು, ಹಾಲು ಕರೆದವರು ಬಹುಪಾಲು ಹೆಂಗಸರೇ.

ಇಂತಹ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಊರಿನ ಗಿಡಮರ, ಪ್ರಾಣಿಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಊರಿನವರೊಂದಿಗೆ ಸೇರಿ ದಾಖಲಿಸುವ ಕ್ರಮ ಆರಂಭಿಸಿದರು. ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಇದರಲ್ಲಿ ದುಡಿದರು. 2002ರ ಜೀವವೈವಿಧ್ಯ ಕಾಯ್ದೆಯ ನಂತರ ಇದು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಕೆಲಸವಾಗಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಆ ದಾಖಲೆ ಇದೆಯೇ ಎಂದು ವಿಚಾರಿಸಿ.

ಹಿರಿಯರ ಮಾತು ಪ್ರಯೋಜನಕ್ಕೆ ಬರುತ್ತದೆಯೇ ಎಂದು ಕೇಳುವವರಿಗೆ ಕೆಚ್ಚಲು ಬಾವಿನ ಉದಾಹರಣೆ ಕೊಡುತ್ತೇನೆ. ತಮಿಳುನಾಡಿನ ಪಶುವೈದ್ಯ ವಿಜ್ಞಾನಿ ಪ್ರೊ. ಎನ್. ಪುಣ್ಯಮೂರ್ತಿ ಅವರು ನಾಟಿ ಪದ್ಧತಿಗಳನ್ನು ಆಧರಿಸಿ ಸಿದ್ಧಪಡಿಸಿದ ಲೇಪವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ ಸೇರಿಸಿ ನುಣ್ಣಗೆ ಅರೆಯಬೇಕು, ಕೆಂಪಗಾಗುತ್ತದೆ. ಹಾಲನ್ನು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ಇದರಲ್ಲಿ ಸ್ವಲ್ಪವನ್ನು ನೀರಿನಲ್ಲಿ ತೆಳುಮಾಡಿ ಇಡೀ ಕೆಚ್ಚಲಿಗೆ ದಿನಕ್ಕೆ 10 ಸಲದಂತೆ 5 ದಿನ ಹಚ್ಚಬೇಕು. ಪ್ರತಿದಿನ ಹೊಸದಾಗಿ ಅರೆಯಿರಿ. ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ಕಾಯದೆ ಪಶುವೈದ್ಯರನ್ನು ಕರೆಯಿರಿ. ಆಂಟಿಬಯೋಟಿಕ್ ಕೊಡಿಸಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ಆರಂಭದಲ್ಲೇ ಬಾವು ಇಳಿದರೆ ಆ ದಿನಗಳ ಹಾಲು ಉಳಿಯುತ್ತದೆ.

ಇಲ್ಲಿ ಅಳತೆ ಗ್ರಾಂನಲ್ಲಿದೆ ಎಂಬುದನ್ನು ಗಮನಿಸಿ. ಅಜ್ಜಿ "ಒಂದು ಹಿಡಿ" ಎಂದರೆ ಅವರ ಕೈಯಿಂದಲೇ ಒಂದು ಹಿಡಿ ತೆಗೆಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಸೊಪ್ಪಿನ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಒಂದು ಟಿಸಿಲನ್ನು ಹಳೆಯ ದಿನಪತ್ರಿಕೆಯ ನಡುವೆ ಒಣಗಿಸಿ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದವರು ತಾವೇ ಮಾಡಿ ನೋಡಿದ್ದೋ, ಬರೀ ಕೇಳಿದ್ದೋ ಎಂದು ಪ್ರತ್ಯೇಕವಾಗಿ ನಮೂದಿಸಿ. ಔಷಧಿ ಹೇಳಿದರೆ ಫಲಿಸುವುದಿಲ್ಲ ಎಂದು ನಂಬಿರುವವರೂ ಇದ್ದಾರೆ. ಅಂಥವರನ್ನು ಒತ್ತಾಯಿಸಬೇಡಿ.

ಬರೆದದ್ದೆಲ್ಲ ಸರಿಯೆಂದು ಅರ್ಥವಲ್ಲ. ಕಸ ಬೀಳುವವರೆಗೆ ಕರುವಿಗೆ ಗಿಣ್ಣು ಹಾಲು ಕುಡಿಸಬಾರದೆಂಬ ಮಾತು ಇನ್ನೂ ಅನೇಕ ಮನೆಗಳಲ್ಲಿದೆ. ಇದು ಕರುವಿಗೆ ಮಾರಕ. ರೋಗ ತಡೆಯುವ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿದ್ದು, ಒಂದು ದಿನದೊಳಗೆ ಇಲ್ಲವಾಗುತ್ತದೆ. ಆದ್ದರಿಂದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಲೇಬೇಕು. 25 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರಿನಷ್ಟನ್ನು ಎರಡು ಮೂರು ಸಲವಾಗಿ ಕೊಡಿ. ಕರು ಚೀಪಿದರೆ ಗರ್ಭಕೋಶ ಸಂಕುಚಿಸಿ ಕಸ ಬೀಳಲು ಸಹಾಯವೇ ಆಗುತ್ತದೆ. 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರನ್ನು ಕರೆಯಿರಿ; ಕಲ್ಲು, ಚಪ್ಪಲಿ ಕಟ್ಟಿ ಎಳೆಯಬೇಡಿ. ನಾಲಿಗೆ ಎಳೆದು ಹಿಡಿದು ಗೊಟ್ಟದಲ್ಲಿ ಎಣ್ಣೆ ಸುರಿಯುವುದೂ ಅಪಾಯ, ಶ್ವಾಸಕೋಶಕ್ಕೆ ಹೋಗಬಹುದು. ಬರೆ ಹಾಕುವುದರಿಂದ ಗಾಯವಾಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ.

ಇಂತಹ ಮಾತು ಬಂದಾಗ ಮಕ್ಕಳು ಹಿರಿಯರೊಡನೆ ವಾದಕ್ಕೆ ಇಳಿಯುವುದು ಬೇಡ. ಹೇಳಿದಂತೆಯೇ ಬರೆದುಕೊಂಡು ಪುಸ್ತಕವನ್ನು ಪಶುವೈದ್ಯರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಪಕ್ಕದಲ್ಲಿ ಬರೆಸಿ, ಮುಂದಿನ ಭಾನುವಾರ ಓದಿ ಹೇಳಲಿ. ಕಾರಣ ತಿಳಿದರೆ ಹಿರಿಯರು ಒಪ್ಪುತ್ತಾರೆ. ಕರು ಉಳಿಯಬೇಕೆಂಬ ಆಸೆ ಅವರಿಗೆ ನಮಗಿಂತ ಕಡಿಮೆಯಿಲ್ಲ.

ಪುಸ್ತಕ ಸಂಘದ ಕಚೇರಿಯಲ್ಲಿರಲಿ. ಬರಡು ರಾಸುಗಳ ಚಿಕಿತ್ಸಾ ಶಿಬಿರಕ್ಕೆ ಬರುವಾಗ ರಾಸಿನ ಜೊತೆಗೆ ಮನೆಯ ಕ್ಯಾಲೆಂಡರನ್ನೂ, ಬೆದೆ ಕಂಡ ಹಿರಿಯರನ್ನೂ ಕರೆತನ್ನಿ. ಹಿಂದಿನ ಮೂರು ಬೆದೆಯ ದಿನಾಂಕ ಸಿಕ್ಕಿದರೆ ಯಾವ ಚಿಕಿತ್ಸೆ ಬೇಕೆಂದು ತೀರ್ಮಾನಿಸುವುದು ನಮಗೆ ಸುಲಭವಾಗುತ್ತದೆ.