ಹಂಪ್ಟಿ ಡಂಪ್ಟಿ ಯಾರು?

ಶಿಶುವಿಹಾರದಲ್ಲಿ ನೀವೆಲ್ಲ ಕೈ ತಟ್ಟಿ ಹಾಡಿದ ಹಂಪ್ಟಿ ಡಂಪ್ಟಿ ಒಂದು ಮೊಟ್ಟೆ, ಅಲ್ಲವೇ? ಆದರೆ ಆ ಪದ್ಯದಲ್ಲಿ ಮೊಟ್ಟೆಯ ಮಾತೇ ಇಲ್ಲ! ನಮ್ಮ ಅಜ್ಜಿಯರ ಒಗಟಿನಂತೆ ಅದು ಇಂಗ್ಲಿಷರ ಒಗಟೆಂದೇ ವಿದ್ವಾಂಸರ ಎಣಿಕೆ. (ಬಿ.ಎ. ಇಂಗ್ಲಿಷಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ!) 1871ರಲ್ಲಿ ಲೂಯಿಸ್ ಕ್ಯಾರಲ್‌ರ 'ಥ್ರೂ ದಿ ಲುಕಿಂಗ್ ಗ್ಲಾಸ್'ಗೆ ಜಾನ್ ಟೆನಿಯಲ್ ಬರೆದ ಮೊಟ್ಟೆಮನುಷ್ಯನ ಚಿತ್ರ ಬಹಳ ಪ್ರಸಿದ್ಧ. ಇಂದಿನ ಚಿತ್ರಪುಸ್ತಕಗಳಲ್ಲೂ ಗೋಡೆಯ ಮೇಲೆ ಮೊಟ್ಟೆಯೇ ಕೂತಿರುತ್ತದೆ. ಚಿತ್ರ ಕಂಡ ಮಗುವಿಗೆ ಒಗಟು ಎಲ್ಲಿ ಉಳಿಯಿತು?

ನಿಮ್ಮಲ್ಲಿ ಪುಟಾಣಿಗಳಿಗೆ ಕಲಿಸುವವರಿದ್ದರೆ, ಮೊದಲ ದಿನ ಪುಸ್ತಕ ಮುಚ್ಚಿಯೇ ಇರಲಿ. ಪದ್ಯ ಹೇಳಿ, ಬಿದ್ದವರು ಯಾರೆಂದು ಮಕ್ಕಳೇ ಚಿತ್ರ ಬಿಡಿಸಲಿ. ಮಡಕೆಯೋ, ಬಳೆಯೋ, ತುಂಟ ತಮ್ಮನೋ, ಏನು ಬಂದರೂ 'ತಪ್ಪು' ಅನ್ನದೆ, 'ಯಾಕೆ?' ಎಂದು ಕೇಳಿ. ಪುಟ ತೆರೆಯುವುದು ಆಮೇಲೆ.